ಹಿನ್ನೀರಿನ ಊರಿಗೆ ಯಾವ ಪದ

ಮೈಸೂರಿನಲ್ಲಿ ಕಲಿತ ಸ್ಪ್ಯಾನಿಷ್, ಹುಣಸೂರಿನ ಮನೆಯಲ್ಲಿ ಕೂತು ಕಾಗದಪತ್ರ ಅನುವಾದಿಸುವುದಕ್ಕೆ ಸಾಕಾಗಿತ್ತು. ಆ ಬೇಸಿಗೆಯಲ್ಲಿ ಮಾತ್ರ ಹೊರಗೆ ಹೊರಡಬೇಕಾಯಿತು. ಅಣೆಕಟ್ಟೆಗಳಲ್ಲಿ ಮುಳುಗಿದ ಊರುಗಳ ಬಗ್ಗೆ ಬರೆಯುತ್ತಿದ್ದ ಸ್ಪೇನಿನ ಹೆಂಗಸೊಬ್ಬಳಿಗೆ ದುಭಾಷಿಯಾಗಿ ಎಚ್.ಡಿ. ಕೋಟೆಯ ಕಡೆ ಹೋದೆ.

ಕಬಿನಿಯ ಹಿನ್ನೀರು ಇಳಿದಿತ್ತು. ಅಲ್ಲಿ ಮುಳುಗಿದ ಊರಿಗೆ ಸೊಸೆಯಾಗಿ ಬಂದು, ನೀರು ನಿಲ್ಲುವ ತನಕ ಬಾಳಿದ್ದ ಅಜ್ಜಿಯೊಬ್ಬರು ನಮ್ಮ ಜೊತೆಗಿದ್ದರು. ನಡುಮಧ್ಯಾಹ್ನ. ಬಿರುಕುಬಿಟ್ಟ ಕೆಸರು, ಅಲ್ಲಲ್ಲಿ ಹುಲ್ಲು. ಗೋಡೆಯ ಗುರುತೂ ಇಲ್ಲ.

"ಇದೇ ಕಣವ್ವ ನಮ್ಮೂರು," ಎಂದರು ಅಜ್ಜಿ.

ನಾನು ಸ್ಪ್ಯಾನಿಷಿನಲ್ಲಿ ಊರಿಗೆ 'ಥೋನಾ' ಎಂದೆ. ಸ್ಪೇನಿನವಳ ಪೆನ್ನು ನಿಂತಿತು.

"ಅದು ಸರ್ಕಾರ ಗೆರೆ ಎಳೆದ ಪ್ರದೇಶ. ಅವರು ಅದನ್ನೇ ಹೇಳಿದರಾ?"

ಇಲ್ಲ. 'ಲುಗಾರ್', ಅಂದರೆ ಜಾಗ, ಎಂದು ತಿದ್ದಿದೆ. 'ಸಿತಿಯೋ' ಕೂಡ ನಾಲಗೆಯ ತುದಿಗೆ ಬಂದಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ಎಂದು ನಮಗೆ ಕಲಿಸಿದ್ದರು.

ಅಜ್ಜಿ ಆ ಬಯಲಿನಲ್ಲಿ ನೇರ ನಡೆಯಲಿಲ್ಲ. ಎಡಕ್ಕೆ ತಿರುಗಿದರು, ಒಂದಿಷ್ಟು ನಡೆದು ಬಲಕ್ಕೆ. ಆಮೇಲೆ ನಿಂತು, ಸೀರೆ ಎತ್ತಿಕೊಂಡು, ಇಲ್ಲದ ಹೊಸಿಲನ್ನು ದಾಟಿದರು.

"ಬಗ್ಗಿ ಬನ್ರವ್ವ, ಬಾಗ್ಲು ಗಿಡ್ಡ."

ನಾವಿಬ್ಬರೂ ತಲೆ ಬಗ್ಗಿಸಿದೆವು. ಯಾಕೆ ಬಗ್ಗಿಸಿದೆವೋ ಗೊತ್ತಿಲ್ಲ.

ಸ್ಪೇನಿನವಳು ಬರೆದುಕೊಳ್ಳಲು ಒಂದು ಪಕ್ಕ ಕೂರಹೋದಳು. ಅಜ್ಜಿ ಕೈ ಅಡ್ಡ ಹಿಡಿದರು.

"ಅಲ್ಲಿ ಬ್ಯಾಡ ಅನ್ನವ್ವ. ನಮ್ಮತ್ತೆ ಮನಿಕಂಡವ್ರೆ."

"ಆಗ ಅಲ್ಲಿ ಮಲಗ್ತಿದ್ರಾ ಅಜ್ಜಿ?"

"ಈಗ್ಲೂ ಅವ್ರೆ. ನಾನು ಊರು ಬುಟ್ಟು ಬರಾಕಿಲ್ಲ ಅಂತ ಅಟ ಮಾಡುದ್ರು. ಊರ್ ಕಾಲಿ ಮಾಡ್ಸೋ ಲಾರಿ ಬರೋ ಇಂದ್ಲ ದಿನ ಉಸ್ರು ನಿಂತೋಯ್ತು. ಅವ್ರು ಕೇಳ್ಕಂಡಂಗೆ ಅಲ್ಲೇ, ಅವ್ರ್ ಚಾಪೆ ಆಸ್ತಿದ್ ಕಡೆನೇ, ಗುಂಡಿ ತೋಡುದ್ವಿ. ಆಮ್ಯಾಕೆ ನೀರು ಬಂತು."

ನಾನು ಯೋಚಿಸಲೇ ಇಲ್ಲ. "ನೋ ಆಯ್ ಸಿತಿಯೋ," ಎಂದೆ. ಅಲ್ಲಿ ಜಾಗ ಖಾಲಿ ಇಲ್ಲ. ಒಬ್ಬರು ಕೂರುವ, ಮಲಗುವ ಜಾಗವೂ ಸಿತಿಯೋನೇ. ಅವಳು ಅರ್ಧ ಮಡಿಸಿದ ಮೊಣಕಾಲಲ್ಲೇ ಹಿಂದೆ ಸರಿದಳು. ಉಳಿದದ್ದನ್ನು ಹೇಳಿದಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

ಹೊರಡುವಾಗ ಅಜ್ಜಿ ಆ ಪಕ್ಕಕ್ಕೆ ತಿರುಗಿ, "ಓಗ್ಬತ್ತೀನಿ ಕಣತ್ತೆ," ಎಂದರು. ಎಂದು ಕಾದರು. ಯಾರೋ ನಿಧಾನವಾಗಿ ಏನೋ ಹೇಳಿ ಮುಗಿಸುವಷ್ಟು ಹೊತ್ತು. ಆಮೇಲೆ "ಊಂ" ಎಂದು ತಲೆಯಾಡಿಸಿದರು. ನನಗೇನೂ ಕೇಳಿಸಲಿಲ್ಲ. ಆದರೂ ಅವರು ಹೊರಡುವ ತನಕ ನಾನೂ ಹೆಜ್ಜೆ ಎತ್ತಲಿಲ್ಲ.

ಸಂಜೆ ಮನೆಗೆ ಬಂದು ಮಾತುಕತೆಯನ್ನು ಟೈಪು ಮಾಡಿದೆ. ಊರಿಗೆ ಲುಗಾರ್. ಅತ್ತೆಯ ಮೂಲೆಗೆ ಸಿತಿಯೋ. 'ಮಲಗಿದ್ದಾರೆ' ಎಂಬುದನ್ನು 'ಮಲಗಿದ್ದರು' ಎಂದು ತಿದ್ದಲು ಎರಡು ಸಲ ಕೈಯಿಟ್ಟೆ. ಆಗಲಿಲ್ಲ; ಹಾಗೇ ಕಳುಹಿಸಿದೆ. ಅವಳೂ ಅದನ್ನು ತಿದ್ದಲಿಲ್ಲ.