ಗುರುಮಲ್ಲಪ್ಪನವರ ಕೂಗು

ನಂಜನಗೂಡಿನ ಟೆನಿಸ್ ಬಾಲ್ ಕ್ರಿಕೆಟ್ ಲೀಗಿಗೆ ಆಟಗಾರರ ಹರಾಜು ನಡೆಯುವಾಗ, ಒಂದು ತಂಡದ ಮಾಲೀಕರಾದ ಸಿಮೆಂಟ್ ಅಂಗಡಿಯ ಗುರುಮಲ್ಲಪ್ಪನವರು ಕಡಲೆಕಾಯಿ ಬಿಡಿಸುತ್ತಾ ಸುಮ್ಮನೆ ಕೂತಿರುತ್ತಾರೆ. ಉಳಿದವರು ಹೆಸರಾಂತ ಬ್ಯಾಟ್ಸ್‌ಮನ್‌ಗಳಿಗೆ ಪೈಪೋಟಿಯಲ್ಲಿ, ಹರಾಜು ಕೂಗಲು ತಂಡಕ್ಕಿಷ್ಟೆಂದು ಕೊಟ್ಟ ಪಾಯಿಂಟುಗಳನ್ನೆಲ್ಲ ಸುರಿದು ಮುಗಿಸಿದ ಮೇಲೆ, ಬೌಂಡರಿ ಕಾಯುವ ಹೊಸಬರನ್ನು ಇವರು ಅಗ್ಗಕ್ಕೆ ಬಾಚಿಕೊಳ್ಳುತ್ತಾರೆ. ‘ಸಿಕ್ಸರ್ ಹೊಡ್ಯೋನು ದಿನಾ ಹೊಡೀತಾನಾ? ಓಡೋ ಕಾಲು ದಿನಾ ಓಡ್ತದೆ ಕಣ್ರೀ’ ಎನ್ನುತ್ತಾರೆ. ಹೊಸಬರ ಓಟ ಅಳೆಯಲು ಅವರನ್ನು ಸಿಮೆಂಟ್ ಆಟೋದ ಹಿಂದೆ ಓಡಿಸುತ್ತಾರೆಂದು ಊರಲ್ಲಿ ಸುದ್ದಿ. ಈ ಸಲ ಬದನವಾಳಿನ ಹೊಸ ಹುಡುಗ ನಿಂಗರಾಜುವನ್ನು ಯಾರೂ ಕೇಳಲಿಲ್ಲ. ಗುರುಮಲ್ಲಪ್ಪನವರು ಐನೂರು ಪಾಯಿಂಟಿಗೆ ಕೂಗಿದರು. ಎದುರು ಕೂಗುವವರಿಲ್ಲದಿದ್ದರೂ ತಾವೇ ಸಾವಿರಕ್ಕೆ ಏರಿಸಿದರು. ‘ನಿಮ್ ಮೇಲೆ ನೀವೇ ಏರಿಸ್ತಿದ್ದೀರಲ್ಲ ಸಾ?’ ಎಂದು ಹರಾಜು ನಡೆಸುತ್ತಿದ್ದವನು ಕೇಳಿದ. ಗುರುಮಲ್ಲಪ್ಪನವರು ಮೆಲ್ಲಗೆ ಹೇಳಿದರು: ‘ಹುಡುಗನ ಅಪ್ಪ ಬಂದು ಕೂತವ್ರೆ ಕಣಪ್ಪಾ. ಜೋರಾಗಿ ಕೂಗು.’