ಆರು ಪಿನ್ನಿನ ಹಟ

ಮದುಮಗಳ ರವಿಕೆಯ ಒಂದು ತೋಳಿನ ತುಂಬ ಜರಿಯ ಬಳ್ಳಿ. ಇನ್ನೊಂದು ತೋಳು ಬೋಳು. ಮಾರನೆಯ ದಿನ ಬೆಳಿಗ್ಗೆ ಮುಹೂರ್ತ, ಇತ್ತ ಕಂಪ್ಯೂಟರ್ ಟಪ್ ಎಂದು ಆರಿಹೋಗಿದೆ. ಇಂಥ ಹೊತ್ತಿನಲ್ಲಿ ಮದ್ದೂರಿನಿಂದ ತಂಗಿ ಸುಧಾ ಫೋನ್ ಮಾಡಿದರೆ ಮಂಡ್ಯದಲ್ಲಿ ಕೂತ ನಾನು ಏನು ಮಾಡಬೇಕು?

"ಅಳ್ಬೇಡ ಕಣೇ. ಪವರ್ ಸಪ್ಲೈ ಓಗಿರ್ತದೆ. ಇರು, ಬತ್ತೀನಿ" ಅಂದೆ.

ಹೀಗೆ ಧೈರ್ಯ ಹೇಳಲು ಕಾರಣವಿದೆ. ನಾವಿಬ್ಬರೂ ಬ್ಲಫ್ ಎಂಬ ಊರಿನ ವಿದ್ಯುತ್ ಇಲಾಖೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಪ್ಪ ಅಲ್ಲಿನ ಪವರ್ ಹೌಸಿನಲ್ಲಿದ್ದರು. ಕರೆಂಟಿನ ವಿಷಯ ಬಂದರೆ ನನಗೆ ಕೊಂಚ ಜಂಬ ಜಾಸ್ತಿ. (ಮನೆಯಲ್ಲಿ ಫ್ಯೂಸ್ ಹಾಕುವುದು ಇವತ್ತಿಗೂ ನಾನೇ. ಗಂಡ ಟಾರ್ಚು ಹಿಡಿಯುತ್ತಾರೆ.)

ಸುಧಾಳದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಡಿಸೈನು ಕಂಪ್ಯೂಟರಿನಿಂದ ಹೋಗಬೇಕು, ಮಷೀನು ಹೊಲಿಯಬೇಕು. ಆ ಡಿಸೈನಿನ ಸಾಫ್ಟ್‌ವೇರ್ ಅದೊಂದು ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ತೆರೆಯುವುದಿಲ್ಲ. ಅಂದಮೇಲೆ ಇದೇ ಏಳಬೇಕು, ಇವತ್ತೇ ಏಳಬೇಕು.

ಕಂಪ್ಯೂಟರಿನೊಳಗೆ ಕೂತು ಕರೆಂಟು ಹಂಚುವ ಡಬ್ಬಿ ಅದು; ಮಂಡ್ಯದಲ್ಲೇ ಹೊಸ ಪವರ್ ಸಪ್ಲೈ ಕೊಂಡೆ. "ಯಾವುದಕ್ಕಾದ್ರೂ ಆಯ್ತದೆ, ಮಾಮೂಲಿ ಪೀಸು" ಎಂದ ಅಂಗಡಿಯವ. ಬಸ್ಸು ಹನಕೆರೆ ದಾಟುವಷ್ಟರಲ್ಲಿ ಐದು ಸಲ ಮೊಬೈಲಿನಲ್ಲಿ ಟೈಮು ನೋಡಿದೆ. ನಿಧಾನಕ್ಕೆ ಚಿಲ್ಲರೆ ಎಣಿಸುತ್ತಿದ್ದ ಕಂಡಕ್ಟರ್ ಮೇಲೂ ವಿನಾಕಾರಣ ಸಿಟ್ಟು ಬಂತು.

ಸುಧಾಳ ಅಂಗಡಿಯಲ್ಲಿ ಮದುಮಗಳೇ ಕೂತಿದ್ದಾಳೆ. ಹೆಸರು ಕಾವ್ಯ. ಮದ್ದೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಪಕ್ಕದಲ್ಲಿ ಅವಳ ತಾಯಿ. ಐದು ಗಂಟೆಗೆ ಛತ್ರಕ್ಕೆ ಹೊರಡಬೇಕಂತೆ. ಧಾರೆಯ ರವಿಕೆ ಇಲ್ಲದೆ ಹೊರಡುವುದು ಹೇಗೆ?

ಕಂಪ್ಯೂಟರಿನ ಮುಚ್ಚಳ ಬಿಚ್ಚಿದೆ. ನನ್ನ ಕೈಯಲ್ಲಿದ್ದ ಪ್ಲಗ್ಗಿಗೆ ಇಪ್ಪತ್ತನಾಲ್ಕು ಪಿನ್ನು. ಒಳಗಿನ ಮದರ್‌ಬೋರ್ಡಿನಲ್ಲಿ ಜಾಗ ಇದ್ದದ್ದು ಆರಕ್ಕೆ. ದೊಡ್ಡ ಕಂಪನಿಯ ಬೋರ್ಡು. ಅದಕ್ಕೆ ಅವರದೇ ಸಪ್ಲೈ, ಅವರದೇ ಪ್ಲಗ್ಗು ಆಗಬೇಕು. ಕಂಪನಿಗೆ ಫೋನ್ ಮಾಡಿದರೆ "ಆರ್ಡರ್ ಹಾಕ್ಬೇಕು ಮೇಡಮ್, ಹತ್ತು ದಿನ ಆಗುತ್ತೆ" ಎಂಬ ಉತ್ತರ.

ಕರೆಂಟು ಕರೆಂಟೇ ಅಲ್ಲವೇ? ಹನ್ನೆರಡು ವೋಲ್ಟು ಎಲ್ಲಿ ಹೋದರೂ ಹನ್ನೆರಡೇ ಅಲ್ಲವೇ? ಮತ್ತೆ ಪ್ಲಗ್ಗು ಮಾತ್ರ ನಮ್ಮದೇ ಬೇಕು ಎನ್ನುವ ಹಟ ಯಾಕೆ? ಮಿಕ್ಸಿ ಜಾರಿಗೂ ಇದೇ ರೋಗ, ನೀರಿನ ಫಿಲ್ಟರಿಗೂ ಇದೇ ರೋಗ. ಒಮ್ಮೆ ಮನೆಗೆ ತಂದಿರೋ, ಕೊನೆತನಕ ಅವರ ಬಾಗಿಲಲ್ಲೇ ನಿಂತಿರಬೇಕು.

ಸುಧಾ ಜಬ್ಬಾರ್ ಸಾಬರನ್ನು ಕರೆಸಿದಳು. ಯುಪಿಎಸ್ಸು, ಮೋಟರು ರಿಪೇರಿ ಮಾಡುವವರು. ಅವರು ಹಳೆಯ ಸಪ್ಲೈ ಮೇಲಿನ ಲೇಬಲ್ಲು ಓದಿದರು. ಮೀಟರು ಹಿಡಿದು ಒಂದೊಂದೇ ವೈರು ಮುಟ್ಟುತ್ತ ಚೀಟಿಯಲ್ಲಿ ಬರೆದುಕೊಂಡರು. ಗಂಟೆ ಮೂರೂಕಾಲು. ನನಗೆ ಕೂರಲಾಗದು, ನಿಲ್ಲಲಾಗದು.

"ಅಳದಿಗೆ ಅಳದಿ, ಕಪ್ಪಿಗೆ ಕಪ್ಪು ಸೇರ್ಸ್ಬುಡಿ ಸಾಬ್ರೇ. ಅದಕ್ಯಾಕೆ ಇಷ್ಟೊತ್ತು?"

ಅವರು ತಲೆ ಎತ್ತಲಿಲ್ಲ. "ಬಣ್ಣ ನೋಡಿ ಸೇರ್ಸುದ್ರೆ ಬೋರ್ಡೇ ಸುಟ್ಟೋಯ್ತದೆ ಕಣಕ್ಕ. ಕಂಪನಿಯೋರು ಬಣ್ಣನೂ ಅವ್ರಿಗ್ ಬೇಕಾದಂಗೆ ಆಕವ್ರೆ. ಈ ಬೋರ್ಡು ಆಫ್ ಆಗಿದ್ರೂ ಅನ್ನೆರಡು ವೋಲ್ಟು ಕೇಳ್ತದೆ. ನೀವ್ ತಂದಿರೋದು ಆಫ್ ಆಗಿರುವಾಗ ಐದೇ ಕೊಡೋದು. ಸುಮ್ಕೆ ಕೂತ್ಕೊಳಿ."

ಸುಮ್ಮನೆ ಕೂತೆ. ಆ ಐದರ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾನೇ ಕೈಹಾಕಿದ್ದರೆ ತಂಗಿಯ ಅಂಗಡಿ ಅವತ್ತೇ ಮುಚ್ಚುತ್ತಿತ್ತಲ್ಲ ಎಂದು ನಾಚಿಕೆಯಾಯಿತು.

"ಬೋರ್ಡ್ ಕಡೆ ಏನೂ ಬದ್ಲಾಯ್ಸಕಾಗಲ್ಲ. ಸಪ್ಲೈನೇ ಅದಕ್ಕೆ ಒಗ್ಗುಸ್ಬೇಕು" ಎನ್ನುತ್ತ ಸಾಬರು ಕಟ್ಟರ್ ಎತ್ತಿಕೊಂಡರು.

ಕಾವ್ಯಳ ತಾಯಿಗೆ ಆ ಮಾತು ಬಹಳ ಹಿಡಿಸಿತು. "ಕೇಳುಸ್ಕೊಂಡ್ಯಾ? ಗಂಡಿನ ಕಡೆ ಕಿರುಗಾವಲಿನೋರು ಲ್ಯಾಬ್ ಕೆಲ್ಸ ಬುಡ್ಸಿ ಅಂದವ್ರೆ. ಬುಟ್ಬುಡು. ನಾವೇ ಒಗ್ಗುಸ್ಕೋಬೇಕು ಕಣವ್ವ." ಮಗಳು ಸಾಬರ ಕೈಯ ಕಟ್ಟರನ್ನೇ ನೋಡುತ್ತಿದ್ದಳು.

ಹೊಸ ಸಪ್ಲೈಯ ಇಪ್ಪತ್ತನಾಲ್ಕು ಪಿನ್ನಿನ ಪ್ಲಗ್ಗು ತುಂಡಾಗಿ ನೆಲಕ್ಕೆ ಬಿತ್ತು. ಹಳೆಯದರ ಆರು ಪಿನ್ನಿನ ಪ್ಲಗ್ಗನ್ನು ಆ ಜಾಗಕ್ಕೆ ಬೆಸೆದರು. ಸಪ್ಲೈಯನ್ನು ಆನ್ ಮಾಡುವ ಹಸಿರು ವೈರನ್ನು ಕಪ್ಪಿಗೆ ಸೇರಿಸಿದರು. ಇನ್ನು ಅದು ಯಾವಾಗಲೂ ಆನ್. ಹನ್ನೆರಡು ವೋಲ್ಟು ಕೊಡುತ್ತಲೇ ಇರಬೇಕು.

ಬಟನ್ ಒತ್ತಿದರು. ಪರದೆ ಬೆಳಗಿತು. ಸುಧಾ ಕಣ್ಣೊರೆಸಿಕೊಂಡು ಮಷೀನಿನ ಮುಂದೆ ಕೂತಳು. ಐದಕ್ಕೆ ಹತ್ತು ನಿಮಿಷವಿರುವಾಗ ಎರಡನೆಯ ತೋಳನ್ನೂ ಜೋಡಿಸಿ ರವಿಕೆ ಕೈಗಿಟ್ಟಳು.

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಕಾವ್ಯ ಮಾತ್ರ ರವಿಕೆಯ ಕಡೆ ನೋಡದೆ ನೆಲದಲ್ಲಿದ್ದ ಪ್ಲಗ್ಗನ್ನು ಎತ್ತಿಕೊಂಡಳು.

"ಸಾಬ್ರೇ, ನಾಳೆ ಈ ಬೋರ್ಡು ಕೆಟ್ಟೋದ್ರೆ, ಈ ಸಪ್ಲೈನ ಬೇರೆ ಕಡೆ ಆಕಬೋದಾ?"

"ಎಲ್ಲಿ ಆಯ್ತದೆ ಕಣವ್ವ? ಇನ್ನು ಇದು ಈ ಬೋರ್ಡಿಗೇ."

ಅವಳು ಹೂಂ ಎಂದು ಎದ್ದು ತಾಯಿಯ ಹಿಂದೆ ಹೊರಟಳು.

ವಾರವಾರ ಈ ಅಂಕಣದಲ್ಲಿ ಇಷ್ಟೆಲ್ಲ ಬರೆಯುವ ನಾನು, "ಕೆಲ್ಸ ಬುಡ್ಬೇಡ ಕಣೇ" ಅಂತ ಅವಳಿಗೆ ಅಲ್ಲೇ ಯಾಕೆ ಹೇಳಲಿಲ್ಲ?