ನನ್ನ ಪಾಲಿನ ಅರ್ಧ

ಸುವಾರ್ತಕ್ಕ ಮನೆಗೆ ಬಂದರೆ ಮೊದಲು ಹಿಡಿಯುತ್ತಿದ್ದದ್ದು ರಾಗಿ ಬೀಸುವ ಕಲ್ಲಿನ ಗೂಟವನ್ನು. ನೀರು ಕೇಳುತ್ತಿರಲಿಲ್ಲ, ಚೆನ್ನಾಗಿದ್ದೀಯಾ ಅನ್ನುತ್ತಿರಲಿಲ್ಲ. ಕಲ್ಲಿನ ಆಚೆ ಬದಿಗೆ ಕಾಲು ಚಾಚಿ ಕೂತು, ಗೂಟದ ಮೇಲಿದ್ದ ನನ್ನ ಕೈ ಮೇಲೆ ತನ್ನ ಕೈ ಇಟ್ಟು, "ಕಾಳು ಆಕು, ಅನ್ನು" ಎನ್ನುವಳು. ಸೆರಗಿನ ತುದಿಯಲ್ಲಿ ಯಾವಾಗಲೂ ಯಾರದೋ ಮನೆಯ ಹಿಟ್ಟು.

ನಂಜನಗೂಡಿನ ಸಭೆಯವರು ಅವಳನ್ನು ನಮ್ಮ ಟಿ. ನರಸೀಪುರದ ಕಡೆಯ ಹಳ್ಳಿಗಳಿಗೆ ಕಳಿಸುತ್ತಿದ್ದರು, ಓದು ಬಾರದ ಹೆಂಗಸರಿಗೆ ಬೈಬಲ್ ವಾಕ್ಯ ಬಾಯಿಪಾಠ ಮಾಡಿಸಲು. ನಾನು ಮೂರನೇ ಕ್ಲಾಸಿಗೇ ಬಿಟ್ಟವಳು. ಅಕ್ಷರ ಕೂಡಿಸುವಷ್ಟರಲ್ಲಿ ಅರ್ಥ ಓಡಿಹೋಗುತ್ತಿತ್ತು. ಅಕ್ಕ ಪುಸ್ತಕ ತೆಗೆಯುತ್ತಲೇ ಇರಲಿಲ್ಲ. ಕಲ್ಲು ಒಂದು ಸುತ್ತು ಬರುವಾಗ ವಾಕ್ಯದ ಮೊದಲರ್ಧ ಅವಳು ಅನ್ನಬೇಕು, ಮುಂದಿನ ಸುತ್ತಿಗೆ ಉಳಿದರ್ಧ ನಾನು. ದೇವರೇ ಬೆಳಕು, ರಕ್ಷಣೆ ಅವನಿಂದಲೇ ಎಂಬುದು ಅವಳ ಪಾಲು. ಇನ್ನು ಯಾರಿಗೂ ಹೆದರೆನು ಎಂಬುದು ನನ್ನ ಪಾಲು.

ಹೆದರದ ಮಾತು ನನಗೆ ಬಂದದ್ದೇ ತಮಾಷೆ. ನಾನು ಹುಟ್ಟು ಪುಕ್ಕಲಿ. ಹೊಳೆ, ಹಾವು, ತೀರ್ಪಿನ ದಿನ, ಎಲ್ಲಕ್ಕೂ ಹೆದರುವವಳು. ಒಮ್ಮೆ ಬೈಬಲ್ಲನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ ಎಂದೆ.

"ಅಂಗಾದ್ರೆ ದಿಂಬು ಪರಲೋಕಕ್ಕೆ ಓಯ್ತದೆ, ನೀನು ಇಲ್ಲೇ ಇರ್ತೀಯ. ಎದೇಲಿ ಇಟ್ಕೊ ಕಣವ್ವ."

ಅವಳಿಗೂ ಭಯವಿತ್ತು. ಬಸ್ಸು ಕಪಿಲೆಯ ಸೇತುವೆಗೆ ಬಂತೆಂದರೆ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುವಳು. "ಊರಿಗೆಲ್ಲಾ ಪಾಠ ಮಾಡೋ ನೀವೇ ಇಂಗಾ ಅಕ್ಕ?" ಎಂದು ಒಮ್ಮೆ ಪಕ್ಕದ ಸೀಟಿನಲ್ಲಿದ್ದ ನಾನು ಕೆಣಕಿದೆ. ಕಣ್ಣು ತೆರೆಯದೆಯೇ ಹೇಳಿದಳು, "ಭಯ ಇಲ್ದೋರಿಗೆ ವಾಕ್ಯ ಯಾಕವ್ವ? ಸೇತುವೆ ಮುಗೀತಾ ನೋಡು."

ಒಂದು ಮಳೆಗಾಲ ಹೊಳೆ ಏರಿ ನಮ್ಮ ಬೀದಿಗೇ ನುಗ್ಗಿತು. ಅವಳು ಅವತ್ತು ನಮ್ಮ ಮನೆಯಲ್ಲಿದ್ದಳು. ನನ್ನ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಅವಳೂ ಅಟ್ಟ ಹತ್ತಿದೆವು. ಕೆಳಗೆ ನೀರು ಒಲೆ ಮುಳುಗಿಸಿತು, ಬೀಸುವ ಕಲ್ಲು ಮುಳುಗಿಸಿತು, ಆಮೇಲೆ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಾ ಬಂತು. ಅಕ್ಕ ತನ್ನ ಅರ್ಧ ಅಂದಳು. ನನ್ನ ನಾಲಿಗೆ ಹೊರಳಲಿಲ್ಲ.

"ನೀವೇ ಪೂರ್ತಿ ಅಂದ್ಬುಡಿ ಅಕ್ಕ," ಎಂದು ಅತ್ತುಬಿಟ್ಟೆ.

"ಉಹೂಂ. ನಿನ್ ರಕ್ಷಣೆ ನಾನು ಬೀಸ್ಕೊಡಕಾಯ್ತದಾ?"

ಸೇತುವೆಯ ಮೇಲಿನ ಹಾಗೆಯೇ ಅವಳು ಕಣ್ಣು ಮುಚ್ಚಿದ್ದಳು. ಕಣ್ಣು ತೆರೆಯದೆಯೇ ನನ್ನ ಕೈ ಹಿಡಿದು, ಕಲ್ಲು ನಡುವೆ ಇದ್ದಂತೆಯೇ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು. ನನ್ನ ಅರ್ಧ ಬಂತು, ತೊದಲುತ್ತಾ. ನೀರು ಅದನ್ನು ಕೇಳಿ ಇಳಿಯಿತು ಎಂದು ಸುಳ್ಳು ಹೇಳಲಾರೆ. ಗಂಡಸರು ಹಂಚು ತೆಗೆದು ನಮ್ಮನ್ನು ಹರಿಗೋಲಿಗೆ ಇಳಿಸುವವರೆಗೂ ಇಬ್ಬರೂ ಹೆದರಿಕೊಂಡೇ ಬೀಸಿದೆವು.

ಆಮೇಲೆ ಊರಿಗೆ ಹಿಟ್ಟಿನ ಮಿಲ್ಲು ಬಂತು, ಕಲ್ಲು ಹಿತ್ತಲು ಸೇರಿತು. ಅಕ್ಕನಿಗೂ ವಯಸ್ಸಾಗಿ ಓಡಾಟ ನಿಂತಿತು.

ಹೋದ ವರ್ಷ ಅವಳಿಗೆ ಲಕ್ವ ಹೊಡೆದು ಮಾತು ಹೋಯಿತು ಎಂದು ತಿಳಿದು ನಂಜನಗೂಡಿಗೆ ಹೋದೆ. ನನ್ನ ಗುರುತು ಹಿಡಿದಳು. ಕಣ್ಣಿನಲ್ಲಿ ಅದೇ ಸೇತುವೆಯ ಭಯ. ಈಗ ವಾಕ್ಯ ಶುರು ಮಾಡುವವರು ಯಾರು? ಅವಳ ಅರ್ಧವನ್ನು ನಾನೇ ಅನ್ನಬಹುದಿತ್ತು, ಅಷ್ಟು ಸಲ ಕೇಳಿದ್ದೇನೆ. ಅನ್ನಲಿಲ್ಲ. ಅದು ಅವಳ ಪಾಲು. ಅವಳ ಕೈ ಹಿಡಿದು ಹಾಸಿಗೆಯ ಮೇಲೆ ಒಂದು ಸುತ್ತು ತಿರುಗಿಸಿ ಸುಮ್ಮನಿದ್ದೆ. ತುಟಿ ಅಲುಗಿತು, ಸದ್ದು ಬರಲಿಲ್ಲ. ಎರಡನೇ ಸುತ್ತಿಗೆ ನನ್ನ ಅರ್ಧ ಅಂದೆ. ಬಿಡೋಣವೆಂದರೆ ಅವಳು ಬಿಡಲಿಲ್ಲ. ಇನ್ನೂ ಕಾಳು ಉಳಿದಿದೆ ಎನ್ನುವ ಹಾಗೆ ನನ್ನ ಕೈ ಎಳೆದಳು. ಆ ವಾರವೇ ಹೋದಳು.

ನಾಡಿದ್ದು ನನಗೆ ಹೊಟ್ಟೆ ಆಪರೇಷನ್. ಭಯವಾಗಿದೆ. ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿ ಹೋದರು. ಮೊಮ್ಮಗಳು, "ಅಜ್ಜಿ, ನಿನ್ ವಾಕ್ಯ ಇರೋ ಕೀರ್ತನೆ ಇಡೀ ಮೊಬೈಲ್‌ಗೆ ಆಕ್ಕೊಡ್ತೀನಿ, ಕೇಳಿಸ್ಕೊ" ಎನ್ನುತ್ತಾಳೆ.

"ಅಲ್ಲಿ ಒಳಕ್ಕೆ ಮೊಬೈಲ್ ಬಿಡಾಕಿಲ್ಲ ಕಣವ್ವ," ಎಂದೆ.

ಕೈಯನ್ನಂತೂ ಒಳಕ್ಕೆ ಬಿಡುತ್ತಾರೆ. ಹೊದಿಕೆಯ ಕೆಳಗೆ ಒಂದು ಸುತ್ತು ತಿರುಗಿಸುತ್ತೇನೆ. ಆ ಸುತ್ತು ಅವಳದು, ಬಾಯಿ ಬಿಡುವುದಿಲ್ಲ. ಮುಂದಿನದು ನನ್ನದು.